ಕುಂಬಾರವಾಡಕ್ಕೆ ಸೊನ್ನೆ

ಮಹಾಂತಪ್ಪ ತನ್ನ ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು. ಅದನ್ನೂ ಪೂರ್ತಿ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಳಿಯಾಳದಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ‘ಎಲ್ಲೀ ಮಟಾ ಓದೀರಿ?’ ಎಂದು ಕೇಳಿದರು. ‘ಪಿಯುಸಿ ಸೈನ್ಸ್ ರೀ’ ಎಂದ. ‘ಗಣಿತ ಒಂದು ಉಳದೈತಿ’ ಎಂಬ ಉಳಿದರ್ಧವನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯ ತಾಯಿ ಶೇಂಗಾ ಉಂಡಿಯ ತಾಟು ತಂದು ಮುಂದೆ ಹಿಡಿದರು. ಉಂಡಿ ಬಾಯಲ್ಲಿಟ್ಟುಕೊಂಡು ಸತ್ಯ ಹೇಳಲು ಬರುವುದಿಲ್ಲ. ಅದನ್ನು ಅಗಿದು ನುಂಗುವ ಹೊತ್ತಿಗೆ ಹಿರಿಯರು ಪಂಚಾಂಗ ತೆರೆದಾಗಿತ್ತು.

ಆ ಅರ್ಧ ಮಾತನ್ನು ಅಂದಿನಿಂದ ಹಾಲು ಹಾಕಿ ಬೆಳೆಸಿದವಳು ಹೆಂಡತಿ ಗೋದುಬಾಯಿ. ಅವರ ಸಂಸಾರ ದಾಂಡೇಲಿಯಲ್ಲಿ, ಬಂಗೂರನಗರದ ಹತ್ತಿರದ ಒಂದು ಓಣಿಯಲ್ಲಿ. ಓಣಿಯ ಗಂಡಸರೆಲ್ಲ ಕಾಗದದ ಕಾರಖಾನೆಗೆ ಹೋಗುವವರು. ಒಬ್ಬ ಫೋರಮನ್, ಒಬ್ಬ ಫಿಟ್ಟರ್. ‘ನಮ್ಮ ಮನಿಯವರು ಬಸ್ ಕಂಡಕ್ಟರ್ ಖರೆ, ಆದ್ರ ಸೈನ್ಸ್ ಪಾಸ್ ಆದವ್ರು’ ಎಂದು ಗೋದುಬಾಯಿ ನಳದ ಕಟ್ಟೆಯ ಮೇಲೆ ನಿಂತು ಹೇಳಿ ಹೇಳಿ, ಓಣಿಯಲ್ಲಿ ಯಾರ ಮನೆಯ ಮಿಕ್ಸರ್ ಕೆಟ್ಟರೂ ಮಹಾಂತಪ್ಪನನ್ನೇ ಕರೆಯುವುದು ರೂಢಿಯಾಯಿತು. ಅವನು ಹೋಗಿ, ಮಿಕ್ಸರನ್ನು ಎರಡು ಸಲ ಅಲ್ಲಾಡಿಸಿ, ಕಿವಿಗೆ ಹಿಡಿದು, ‘ತಕರಾರು ಒಳಗ ಐತಿ’ ಎಂದು ಹೇಳಿ ಚಹಾ ಕುಡಿದು ಬರುತ್ತಿದ್ದ. ಯಾರಿಗಾದರೂ ಜ್ವರ ಬಂದರೂ ಕರೆಯುತ್ತಿದ್ದರು. ಅಲ್ಲಿಯೂ ಅದೇ ಮಾತು ಹೇಳಿ ಬರುತ್ತಿದ್ದ.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆದಿದ್ದಾಗ ಕಂಟ್ರೋಲರ್ ಜಾಗಕ್ಕೆ ಅರ್ಜಿ ಕರೆದರು. ಬಸ್ ನಿಲ್ದಾಣದ ಗೂಡಿನಲ್ಲಿ ಕೂತು, ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವ ಮರ್ಯಾದೆಯ ಕೆಲಸ. ಕಂಡಕ್ಟರ್ ಆಗಿ ಇಷ್ಟು ವರ್ಷ ದುಡಿದವರಾರೂ ಹಾಕಬಹುದು. ಪಿಯುಸಿ ಅಂಕಪಟ್ಟಿ ಮಾತ್ರ ಲಗತ್ತಿಸಬೇಕು. ಮೇ ತಿಂಗಳ ಕೊನೆಯವರೆಗೆ ಗಡುವು.

‘ಹಾಕ್ರಿ ಮತ್ತ. ಅಂಕಪಟ್ಟಿ ಎಲ್ಲೈತಿ?’ ಎಂದಳು ಗೋದುಬಾಯಿ.

‘ಅದು... ಮುಂಡಗೋಡದಾಗ. ಅಕ್ಕನ ಮನಿ ಅಟ್ಟದ ಮ್ಯಾಲ. ಟ್ರಂಕಿನ್ಯಾಗ.’

ಒಂದೇ ಸುಳ್ಳು ಎಂದು ಮೇಲೆ ಬರೆದದ್ದನ್ನು ಓದುಗರು ದಯವಿಟ್ಟು ಎರಡು ಎಂದು ತಿದ್ದಿಕೊಳ್ಳಬೇಕು.

ಮರುದಿನವೇ ಮಹಾಂತಪ್ಪ ಯಾರಿಗೂ ತಿಳಿಯದಂತೆ, ನಪಾಸಾದವರಿಗಾಗಿ ಇರುವ ಫಾರ್ಮ್ ತುಂಬಿದ. ಏಪ್ರಿಲ್ ಕೊನೆಗೆ ಗಣಿತದ ಪರೀಕ್ಷೆ, ಮೇ ಮೂರನೇ ವಾರ ಫಲಿತಾಂಶ. ಪಾಸಾದರೆ ಸುಳ್ಳು ತಾನಾಗಿ ಸತ್ಯವಾಗಿಬಿಡುತ್ತದೆ. ಎರಡೂವರೆ ತಿಂಗಳು ಕೈಯಲ್ಲಿತ್ತು. ದೇವರ ಜಗುಲಿಗೆ ಕೈಮುಗಿದು ಪುಸ್ತಕ ತೆರೆದ. ಮೊದಲ ಪಾಠಗಳು ಹಳೆಯ ಪರಿಚಯದವರಂತೆ ದೂರದಿಂದಲೇ ತಲೆ ಅಲ್ಲಾಡಿಸಿದವು. ಆಮೇಲೆ ಬಂತು ಕಲನಶಾಸ್ತ್ರ, ಮಕ್ಕಳು ಕ್ಯಾಲ್ಕುಲಸ್ ಎನ್ನುವುದು. ಪುಸ್ತಕದ ಅರ್ಧ ಅದೇ. ಇಪ್ಪತ್ತೊಂದು ವರ್ಷದ ಹಿಂದೆ ಅವನನ್ನು ಕೆಡವಿದ್ದೂ ಅದೇ.

ಮಹಾಂತಪ್ಪನ ಬಸ್ಸು ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾ ದಾಟಿ, ಕಾಡಿನೊಳಗೆ ಕುಂಬಾರವಾಡದವರೆಗೆ ದಿನಕ್ಕೆರಡು ಸಲ ಹೋಗಿಬರುವುದು. ಶನಿವಾರದ ಬಸ್ಸಿಗೆ ಜ್ಯೂಲಿ ಬರುತ್ತಿದ್ದಳು. ಕುಂಬಾರವಾಡದ ಸಿದ್ದಿ ಜನರ ಹುಡುಗಿ. ದಾಂಡೇಲಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಆ ಶನಿವಾರ ಮಹಾಂತಪ್ಪ ಟಿಕೆಟ್ ಹರಿದುಕೊಟ್ಟು ಅವಳ ಪಕ್ಕದ ಸೀಟಿನಲ್ಲಿ ಕೂತ.

‘ಜ್ಯೂಲಿ, ಒಂದು ಕೇಳ್ತೇನಿ. ಯಾರ ಮುಂದೂ ಬಾಯಿ ಬಿಡಬಾರದು. ಆಣಿ ಮಾಡು.’

ಜ್ಯೂಲಿ ಕೊರಳಿನ ಶಿಲುಬೆ ಮುಟ್ಟಿ ಆಣೆ ಮಾಡಿದಳು. ಕಂಡಕ್ಟರ್ ಮಾಮಾ ಯಾವುದೋ ಖೂನಿಯ ಸುದ್ದಿ ಹೇಳುತ್ತಾನೆಂದು ಅವಳು ಕಿಟಕಿಯ ಕಡೆ ಸರಿದು ಕೂತಳು. ಅವನು ಚೀಲದಿಂದ ಗಣಿತದ ಪುಸ್ತಕ ತೆಗೆದ.

‘ಈ ಲಿಮಿಟ್ ಅಂದ್ರೇನವಾ? ಎಕ್ಸ್ ಅನ್ನೂದು ಎರಡರ ಹತ್ರ ಹೋಗ್ತೈತಿ, ಹೋಗ್ತೈತಿ, ಆದ್ರ ಮುಟ್ಟೂದಿಲ್ಲ ಅಂತ ಬರದಾರ. ಮುಟ್ಟೂದಿಲ್ಲಂದ್ರ ಮನ್ಯಾಗ ಇರಬೇಕು, ಹೋಗೂದ್ಯಾಕ?’

ಜ್ಯೂಲಿ ಸ್ವಲ್ಪ ಯೋಚಿಸಿ, ‘ಮಾಮಾ, ಈಗ ಈ ಗಳಿಗ್ಯಾಗ ನಮ್ಮ ಬಸ್ ಎಷ್ಟು ಸ್ಪೀಡ್ ಐತಿ ಹೇಳ್ರಿ’ ಎಂದಳು.

ಮಹಾಂತಪ್ಪ ಕತ್ತು ಚಾಚಿ ಡ್ರೈವರನ ಮುಂದಿನ ಮುಳ್ಳು ನೋಡಿದ. ‘ನಲವತ್ತು.’

ಆ ಮುಳ್ಳು ನಲವತ್ತರ ಮೇಲೆ ಕೂತು ಮೂರು ವರ್ಷವಾಗಿತ್ತು. ಜೋಯಿಡಾ ನಿಲ್ದಾಣದಲ್ಲಿ ಬಸ್ಸು ಎಂಜಿನ್ ಬಂದ್ ಮಾಡಿ ನಿಂತಾಗಲೂ ಅದರ ಪ್ರಕಾರ ನಲವತ್ತರಲ್ಲಿ ಓಡುತ್ತಿತ್ತು.

‘ಅದನ್ನ ಬಿಡ್ರಿ’ ಎಂದಳು ಜ್ಯೂಲಿ. ‘ಕಿಲೋಮೀಟರ್ ಕಲ್ಲು ನೋಡ್ರಿ, ಗಡಿಯಾರ ನೋಡ್ರಿ. ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಎಷ್ಟು ಹೊತ್ತು ಹಿಡೀತು ಬರ್ಕೋರಿ. ಸರಾಸರಿ ಸ್ಪೀಡ್ ಬರ್ತೈತಿ. ಆಮ್ಯಾಲ ಕಲ್ಲು ಬಿಟ್ಟು ಕರೆಂಟ್ ಕಂಬ ಹಿಡೀರಿ. ದೂರ ಸಣ್ಣದು ಮಾಡ್ಕೋತ ಹೋಗ್ರಿ. ಸಣ್ಣದು, ಇನ್ನೂ ಸಣ್ಣದು.’

‘ಎಲ್ಲೀ ಮಟಾ?’

‘ಏನೂ ಉಳಿಯೂದಿಲ್ಲ ಅನ್ನೂ ಮಟಾ. ಆದ್ರ ಉಳೀಬೇಕು.’

ಮಹಾಂತಪ್ಪ ಕಿಟಕಿಯ ಹೊರಗೆ ಹಾದುಹೋಗುವ ಕಂಬಗಳನ್ನು ನೋಡಿದ. ತಿಳಿಯಲಿಲ್ಲ. ಆದರೆ ಮಾಡುವ ಕೆಲಸವೊಂದು ಸಿಕ್ಕಿತು. ಅವನು ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡುವ ಪೈಕಿ.

ಡ್ರೈವರ್ ಸುಭಾಸ ಬೆಳಗಾವಿ ಕಡೆಯವನು. ಮೀಸೆ ದೊಡ್ಡದು, ಮನಸ್ಸು ಮೆತ್ತಗಿನದು. ಮೂರು ದಿನ ಕನ್ನಡಿಯಲ್ಲಿ ನೋಡಿದ. ಕಂಡಕ್ಟರ್ ಮುಂದಿನ ಬಾಗಿಲ ಮೆಟ್ಟಿಲ ಮೇಲೆ ನಿಂತು ಕಲ್ಲು ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ಬರೆಯುತ್ತಾನೆ. ಪ್ರತಿ ಕಲ್ಲಿಗೂ ಬರೆಯುತ್ತಾನೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

‘ಮಹಾಂತಣ್ಣಾ, ಏನ್ ಬರಿಯಾಕತ್ತೀದಿ?’

ನಿಜ ಹೇಳುವಂತಿರಲಿಲ್ಲ. ಸುಭಾಸನ ಹೆಂಡತಿ ಸುಮಿತಾ ಮತ್ತು ಗೋದುಬಾಯಿ ಒಂದೇ ನಳದ ನೀರು ಹಿಡಿಯುವವರು. ಮಹಾಂತಪ್ಪ ಗಂಟಲು ಸರಿಮಾಡಿಕೊಂಡು, ‘ಅದು ಆಫೀಸಿನ ಕೆಲಸ’ ಎಂದ.

‘ಯಾವ ಆಫೀಸು?’

‘ಮ್ಯಾಲಿನ ಆಫೀಸು.’

ಹೇಳಿದ ಮೇಲೆ ಅವನಿಗೇ ಆ ಮಾತಿನ ರುಚಿ ಹತ್ತಿತು. ಎದೆ ಸ್ವಲ್ಪ ಮುಂದೆ ಬಂತು. ಮೂರನೆಯ ಸುಳ್ಳನ್ನು ಲೆಕ್ಕಕ್ಕೆ ಹಿಡಿಯುವುದು ಬಿಡುವುದು ಭಗವಂತನಿಗೆ ಸೇರಿದ್ದು.

ಮರುದಿನದಿಂದ ಸುಭಾಸ ಬಸ್ಸನ್ನು ಗಣಪತಿ ಮೂರ್ತಿ ಕೂಡಿಸಿಕೊಂಡು ಹೊರಟವನಂತೆ ನಡೆಸತೊಡಗಿದ. ಕೋಳಿ ಅಡ್ಡ ಬಂದರೆ ನಿಲ್ಲಿಸಿ, ಅದು ಮನೆ ಮುಟ್ಟುವವರೆಗೆ ಕಾಯುತ್ತಿದ್ದ. ನರಪಿಳ್ಳೆಯಿಲ್ಲದ ಕಾಡಿನ ತಿರುವಿನಲ್ಲಿ ಇಂಡಿಕೇಟರ್ ಹಾಕಿ, ‘ಬರ್ಕೋರಿ ಸಾಹೇಬ್ರ! ಇಂಡಿಕೇಟರ್ ಹಾಕೇನಿ, ಬರ್ಕೋರಿ!’ ಎಂದು ಕೂಗುತ್ತಿದ್ದ. ಸೈಕಲ್ಲಿನವನೊಬ್ಬ ಬಸ್ಸನ್ನು ಹಿಂದೆ ಹಾಕಿ, ತಿರುಗಿ ನೋಡಿ, ಏನೋ ಆಗಿದೆಯೆಂದು ಹೆದರಿ ಇನ್ನೂ ಜೋರಾಗಿ ತುಳಿದುಕೊಂಡು ಹೋದ. ಬಸ್ಸು ಮುಕ್ಕಾಲು ತಾಸು ತಡವಾಗತೊಡಗಿತು. ಮಹಾಂತಪ್ಪನಿಗೆ ಮಾತ್ರ ಅನುಕೂಲವೇ ಆಯಿತು. ನಿಧಾನಕ್ಕೆ ಹೋದಷ್ಟೂ ಬರೆಯಲು ಸುಲಭ.

ಹದಿನೈದು ದಿನದ ಅಂಕಿ ಸೇರಿದ ಮೇಲೆ ಅವನು ಕುಂಬಾರವಾಡದಲ್ಲಿ, ಬಸ್ಸು ಹೊರಡುವ ಮುಂಚೆ, ಹಿಂದಿನ ಸೀಟಿನಲ್ಲಿ ಗ್ರಾಫ್ ಹಾಳೆ ಹರಡಿ ಕೂತ. ಕೆಳಗೆ ಅಡ್ಡಕ್ಕೆ ಊರಿನ ಹೆಸರುಗಳು, ಪಕ್ಕದಲ್ಲಿ ಉದ್ದಕ್ಕೆ ಸ್ಪೀಡು. ಗೀಟು ದಾಂಡೇಲಿಯಿಂದ ಏರಿ, ಗಣೇಶಗುಡಿಯ ಘಟ್ಟದಲ್ಲಿ ತಗ್ಗಿ, ಜೋಯಿಡಾ ದಾಟಿ ಮತ್ತೆ ಎದ್ದು, ಕುಂಬಾರವಾಡಕ್ಕೆ ಬಂದು ಸೊನ್ನೆಯಲ್ಲಿ ಕೂತಿತು. ಎಷ್ಟು ಚಂದ ಬಂದಿತ್ತೆಂದರೆ ಅವನು ಅದನ್ನು ಕೈಯಲ್ಲಿ ಹಿಡಿದು ದೂರದಿಂದ ನೋಡಿದ.

ಅವನ ಹೆಗಲ ಹಿಂದಿನಿಂದ ಇನ್ನೊಬ್ಬರೂ ನೋಡಿದರು. ಜ್ಯೂಲಿಯ ತಾಯಿ ಅಗ್ನೆಸ್, ಪಂಚಾಯ್ತಿ ಸದಸ್ಯೆ. ಆಕೆಗೆ ಗೀಟಿನ ಚಿತ್ರಗಳ ಪರಿಚಯವಿತ್ತು. ಸದಸ್ಯರ ತರಬೇತಿಯಲ್ಲಿ ಇಂಥವನ್ನು ಗೋಡೆಯ ಮೇಲೆ ಬಿಟ್ಟು ತೋರಿಸಿದ್ದರು. ಯಾವ ಊರಿನ ಗೀಟು ಕೆಳಗೆ ಬರುತ್ತದೋ ಆ ಊರಿನ ಸವಲತ್ತೂ ಕೆಳಗೆ ಬರುತ್ತದೆ ಎಂಬುದನ್ನು ಆಕೆ ಅಲ್ಲಿ ಚೆನ್ನಾಗಿ ಕಲಿತಿದ್ದಳು.

‘ಏನ್ರಿ ಕಂಡಕ್ಟರ್ರ ಇದು?’

‘ಆಫೀಸಿನ ಕೆಲಸ ರೀ, ಬಾಯಾರ.’

‘ದಾಂಡೇಲಿ ಐತಿ, ಜೋಯಿಡಾ ಐತಿ, ಎಲ್ಲಾರ್ದೂ ಗೀಟು ಮ್ಯಾಲ ಐತಿ. ನಮ್ಮೂರಿಗೆ ಬಂದು ನೆಲಾ ಹಿಡದೈತಲ್ರಿ?’

‘ಹಿಡೀಲೇಬೇಕಲ್ರಿ!’ ಎಂದ ಮಹಾಂತಪ್ಪ, ಒಬ್ಬರಾದರೂ ತನ್ನ ಗ್ರಾಫನ್ನು ಇಷ್ಟು ಗಮನವಿಟ್ಟು ನೋಡಿದರಲ್ಲ ಎಂಬ ಹಿಗ್ಗಿನಿಂದ. ‘ಕುಂಬಾರವಾಡ ಅಂದ್ರ ಸೊನ್ನಿ. ಅದರಾಗ ಅನುಮಾನನ ಇಲ್ಲ.’

ಅಗ್ನೆಸ್ ಬಸ್ಸಿನಿಂದ ಇಳಿದಳು. ಹೋಗಬೇಕಾದ ಊರಿಗೆ ಹೋಗಲಿಲ್ಲ.

ಅಂದೇ ಸಂಜೆ ಆಕೆಯ ಗಂಡ ಮಿಂಗೇಲನ ಅಂಗಳದಲ್ಲಿ ಊರು ಸೇರಿತು.

‘ಬಸ್ ಬಂದ್ ಮಾಡ್ತಾರ’ ಎಂದಳು ಅಗ್ನೆಸ್. ‘ಕಾಗದದ ಮ್ಯಾಲ ಬರದಾಗೈತಿ. ನಾ ಕಣ್ಣಾರೆ ನೋಡೇನಿ.’

‘ಮೊದಲ ನಮ್ಮ ಹೆಣ್ಣಮಕ್ಕಳ ಟಿಕೆಟ್ ಸೊನ್ನಿ ಮಾಡಿದ್ರು, ಛಲೋ ಆತು ಅಂದ್ವಿ’ ಎಂದಳು ಮುದುಕಿಯೊಬ್ಬಳು. ‘ಈಗ ಊರನ್ನ ಸೊನ್ನಿ ಮಾಡಿದ್ರ ಆ ಟಿಕೆಟ್ ಕಟಗೊಂಡು ಏನ್ ಮಾಡೂಣು?’

ಶನಿವಾರ ಜ್ಯೂಲಿ ಮನೆಗೆ ಬಂದಾಗ ಎಲ್ಲರೂ ಅವಳನ್ನು ಸುತ್ತುಗಟ್ಟಿದರು.

‘ನೀ ಪ್ರತಿ ಶನಿವಾರ ಅವರ ಹಂತ್ಯಾಕ ಕುಂಡ್ರತಿ. ಆ ಗೀಟು ಏನಂತ ನಿನಗ ಗೊತ್ತೈತೇನ?’

‘ಗೊತ್ತೈತಿ.’

‘ಹೇಳು ಮತ್ತ!’

‘ಹೇಳಂಗಿಲ್ಲ. ಆಣಿ ಮಾಡೇನಿ. ಆದ್ರ ಬಸ್ಸಿಗೇನೂ ಆಗಂಗಿಲ್ಲ, ನಂಬ್ರಿ.’

ಮಿಂಗೇಲ ನಿಧಾನಕ್ಕೆ ತಲೆಯಾಡಿಸಿದ. ‘ಆಣಿ ಮಾಡಿಸ್ಯಾರಂದ್ರ ಆರ್ಡರ್ ಬಂದೈತಿ. ಖಾಲಿ ಬಸ್ ಓಡಸಾಕ ಅವರಿಗೇನ ಹುಚ್ಚು? ನಾವ ಬಸ್ ತುಂಬಿಸೂಣು. ಗೀಟು ತಾನ ಏರ್ತೈತಿ.’

ಸರದಿ ಹಚ್ಚಿದರು. ಪ್ರತಿ ಮನೆಯಿಂದ ದಿನಕ್ಕೊಬ್ಬರು ಬೆಳಗಿನ ಬಸ್ಸಿಗೆ ಹೋಗಬೇಕು, ಜೋಯಿಡಾದಲ್ಲಿ ಇಳಿದು ಚಹಾ ಕುಡಿಯಬೇಕು, ಮಧ್ಯಾಹ್ನದ ಬಸ್ಸಿಗೆ ಬರಬೇಕು. ಜೋಯಿಡಾದ ಚಹಾದಂಗಡಿಯವನು ಇನ್ನೆರಡು ಬೆಂಚು ಹಾಕಿಸಿದ. ಕೆಲಸವಿಲ್ಲದ ಅರವತ್ತು ಜನ ದಿನವೂ ಅಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಬ್ಬಾಕೆ ಮೂರು ದಿನ ಬರಿಗೈಲಿ ಹೋಗಲು ನಾಚಿಕೆಯಾಗಿ ಅದೇ ಹುಂಜವನ್ನು ಮೂರು ಸಲ ಜೋಯಿಡಾ ತೋರಿಸಿ ಕರೆತಂದಳು.

ಕಂಡಕ್ಟರನನ್ನು ಒಲಿಸಿಕೊಳ್ಳುವ ಕೆಲಸವೂ ಸರದಿಯಲ್ಲೇ ನಡೆಯಿತು. ಒಬ್ಬರು ಜೇನು ತಂದರು, ಒಬ್ಬರು ಮುರುಗಲು ಹಣ್ಣಿನ ಸಿಪ್ಪೆ, ಒಬ್ಬರು ತೋಳುದ್ದದ ಗೆಡ್ಡೆ. ಮಹಾಂತಪ್ಪ ಎಲ್ಲವನ್ನೂ ದೇವರು ಕೊಟ್ಟದ್ದೆಂದು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ದ.

‘ಇಷ್ಟು ಮಂದಿ ಪ್ರೀತಿ ಮಾಡ್ತಾರಲ್ರಿ ನಿಮ್ಮನ್ನ!’ ಎಂದು ಗೋದುಬಾಯಿ ಬೆರಗಾದಳು.

‘ನಡತಿ ಛಲೋ ಇದ್ರ ಹಂಗ’ ಎಂದ ಮಹಾಂತಪ್ಪ.

ಅಷ್ಟರಲ್ಲಿ ಅವನು ಕಲ್ಲು ಬಿಟ್ಟು ಕಂಬಕ್ಕೆ ಇಳಿದಿದ್ದ. ಕಂಬದಿಂದ ಕಂಬಕ್ಕೆ ಸೆಕೆಂಡು ಎಣಿಸಿ ಹೊಸ ಗ್ರಾಫ್ ಹಾಕಿದ. ಮೊದಲಿನ ಗೀಟು ಸಮಾಧಾನದ ಗುಡ್ಡದಂತಿತ್ತು. ಇದು ಹಲ್ಲು ಹಲ್ಲಾಗಿ ಬಂತು. ಬಸ್ಸು ನಿಂತ ಕಡೆಯೆಲ್ಲ ಸೊನ್ನೆಗೆ ಬಂದು ಮುಟ್ಟಿತು. ಅಗ್ನೆಸ್ ಅದನ್ನು ‘ಒಂದು ಸಲ ನೋಡ್ತೇನಿ ಕೊಡ್ರಿ’ ಎಂದು ಇಸಿದುಕೊಂಡು ಮೊಬೈಲಿನಲ್ಲಿ ಫೋಟೊ ಹೊಡೆದಳು. ಜೋಯಿಡಾ ಮುಟ್ಟುವಷ್ಟರಲ್ಲಿ ಅದು ದಾರಿಯ ಎಲ್ಲ ಹಳ್ಳಿಗಳ ವಾಟ್ಸಾಪ್ ಗುಂಪಿಗೂ ಹೋಗಿತ್ತು.

ಈಗ ಕುಂಬಾರವಾಡ ಒಂದೇ ಅಲ್ಲ, ಹದಿಮೂರು ಹಳ್ಳಿ ಸೊನ್ನೆ.

‘ನೋಡ್ರಿ ಇಲ್ಲಿ’ ಎಂದು ಮಿಂಗೇಲ ಫೋನನ್ನು ದೊಡ್ಡದು ಮಾಡಿ ತೋರಿಸಿದ. ‘ಮಂದಿ ಇರೋ ಊರಿಗೆಲ್ಲಾ ಸೊನ್ನಿ. ಗೀಟು ಆಕಾಶಕ್ಕ ಹೋಗಿದ್ದೆಲ್ಲಿ? ಒಂದು ಮನಿ ಇಲ್ಲದ ದಟ್ಟಡವ್ಯಾಗ! ಅಂದ್ರ ಏನಾತು? ಹುಲಿಗೋಳಿಗೆ ಬಸ್ ಬಿಡ್ತಾರೇನು?’

ಹದಿಮೂರು ಹಳ್ಳಿಯ ಸಹಿ ಬಿದ್ದ ಮನವಿ ದೊಡ್ಡ ಕಚೇರಿಗೆ ಹೋಯಿತು. ಅಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲ. ಬಸ್ ನಿಲ್ಲಿಸುವ ಯೋಚನೆ ಅವರಿಗೆ ಕನಸಿನಲ್ಲೂ ಬಂದಿರಲಿಲ್ಲ. ಈಚೆಗೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎಂಬ ವರದಿ ಬೇರೆ ಇತ್ತು. ನೋಡಿಬರಲೆಂದು ಸಂಚಾರ ನಿರೀಕ್ಷಕಿ ರಾಜಶ್ರೀ ಮೇಡಮ್ಮನ್ನು ಕಳಿಸಿದರು.

ಸೋಮವಾರ ಬೆಳಗ್ಗೆ ಅವರು ಅದೇ ಬಸ್ಸಿನಲ್ಲಿ ಕುಂಬಾರವಾಡಕ್ಕೆ ಬಂದಿಳಿದಾಗ ಇನ್ನೂರು ಜನ ನಿಂತಿದ್ದರು. ಹಾಸ್ಟೆಲಿಗೆ ಹೊರಟ ಜ್ಯೂಲಿಯೂ ಚೀಲ ಹಿಡಿದು ನಿಂತಿದ್ದಳು. ಅಗ್ನೆಸ್ ಗ್ರಾಫಿನ ಫೋಟೊವನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದಳು. ತನ್ನ ಗ್ರಾಫು ಗಾಳಿಯಲ್ಲಿ ಹಾರುವುದನ್ನು ನೋಡಿದ ಮಹಾಂತಪ್ಪನಿಗೆ ಮೊದಲು ಸಂತೋಷವಾಯಿತು. ಜನರ ಮುಖ ನೋಡಿದ ಮೇಲೆ ಆಗಲಿಲ್ಲ.

‘ಮಹಾಂತಪ್ಪ, ಈ ಸರ್ವೇ ಮಾಡ್ರಿ ಅಂತ ನಿಮಗ ಹೇಳಿದವ್ರು ಯಾರು?’ ಎಂದರು ರಾಜಶ್ರೀ.

ಅವನು ಬಾಯಿ ತೆರೆಯುವ ಮೊದಲೇ ಸುಭಾಸ ಮುಂದೆ ಬಂದ. ‘ಮ್ಯಾಲಿನ ಆಫೀಸ್ ರೀ ಮೇಡಂ. ನನ್ನ ಡ್ರೈವಿಂಗ್ ಬರಿಯಾಕ ಹಚ್ಚ್ಯಾರ. ಎರಡು ತಿಂಗಳಾತು, ಹಾರ್ನ್ ಹೊಡಿಯಾಕೂ ಹೆದರಿಕಿ ನನಗ. ಮನ್ಯಾಗ ನಿದ್ದಿಗಣ್ಣಿನ್ಯಾಗೂ ಇಂಡಿಕೇಟರ್ ಹಾಕ್ತೇನಿ. ಸುಮಿತಾನ್ನ ಕೇಳ್ರಿ ಬೇಕಾದ್ರ.’

‘ಮ್ಯಾಲಿನ ಆಫೀಸಿನಿಂದ ನಾನ ಬಂದೇನಿ. ನಮಗೇನೂ ಗೊತ್ತಿಲ್ಲ. ಹೇಳ್ರಿ ಮಹಾಂತಪ್ಪ.’

ಇನ್ನೂರು ಜೋಡಿ ಕಣ್ಣು ಅವನ ಮೇಲೆ. ಇಲ್ಲಿ ಆಡಿದ ಮಾತು ಸುಭಾಸನ ಬಾಯಿಂದ ಸುಮಿತಾಳ ಕಿವಿಗೆ, ಅಲ್ಲಿಂದ ನಳದ ಕಟ್ಟೆಗೆ ಸಂಜೆಯೊಳಗೆ ಮುಟ್ಟುವುದು ಖಂಡಿತ. ಆಡದಿದ್ದರೆ ಒಂದು ಊರು ಅನ್ನ ಬಿಟ್ಟು ಬಸ್ಸು ಕಾಯುತ್ತದೆ, ಸುಭಾಸ ಹಾರ್ನ್ ಮುಟ್ಟಲೂ ಹೆದರುತ್ತಲೇ ಇರುತ್ತಾನೆ. ಮಹಾಂತಪ್ಪ ಹೆಗಲ ಚೀಲವನ್ನು ಕೆಳಗಿಟ್ಟ.

‘ನಾ ಪಿಯುಸಿ ನಪಾಸ್ ರೀ ಮೇಡಂ.’

ಬಸ್ಸಿನ ಸೊನ್ನೆಗೂ ಇದಕ್ಕೂ ಸಂಬಂಧವೇನೆಂದು ಯಾರಿಗೂ ಹೊಳೆಯಲಿಲ್ಲ.

‘ಗಣಿತ ಹೋಗೈತಿ. ಇಪ್ಪತ್ತೊಂದು ವರ್ಷ ಆತು. ಮನ್ಯಾಗ ಹೇಳಿಲ್ಲ. ಈಗ ಮತ್ತ ಪರೀಕ್ಷಾ ಕಟ್ಟೇನಿ. ಈ ಗೀಟು ಆಫೀಸಿಂದಲ್ಲ, ಪಠ್ಯಪುಸ್ತಕದ್ದು. ಜ್ಯೂಲಿ ಹೇಳಿಕೊಟ್ಟಾಳ. ಇದು ಬಸ್ಸಿನ ಸ್ಪೀಡು, ಅಷ್ಟ.’

‘ಹಂಗಾದ್ರ ನಮ್ಮೂರಿಗೆ ಸೊನ್ನಿ ಯಾಕ?’ ಎಂದಳು ಅಗ್ನೆಸ್, ಕೋಲು ಇಳಿಸದೆ.

‘ಬಾಯಾರ, ನೀವು ಬಸ್ ಹತ್ತೂಮುಂದ ಬಸ್ಸು ಎಷ್ಟು ಜೋರಿನ್ಯಾಗ ಓಡಾಕತ್ತಿರ್ತೈತಿ?’

‘ಓಡೂ ಬಸ್ ಹೆಂಗ ಹತ್ತೂದು? ನಿಂತಿರ್ತೈತಿ.’

‘ಅದ ಸೊನ್ನಿ!’ ಎಂದ ಮಹಾಂತಪ್ಪ. ಈಗ ಅವನಿಗೆ ಹುರುಪು ಬಂದಿತ್ತು. ಕೋಲನ್ನು ತಾನೇ ತೆಗೆದುಕೊಂಡ. ‘ಸೊನ್ನಿ ಅಂದ್ರ ಬಸ್ ನಿಂತೈತಿ. ನಿಂತ್ರ ನೀವು ಹತ್ತತೀರಿ, ಇಳೀತೀರಿ. ದಟ್ಟಡವ್ಯಾಗ ಗೀಟು ಮ್ಯಾಲ ಐತಿ, ಯಾಕ? ಅಲ್ಲಿ ಯಾರೂ ಹತ್ತೂದಿಲ್ಲ, ಹುಲಿ ಕೈ ಮಾಡಿದ್ರೂ ಸುಭಾಸ ನಿಂದ್ರಸೂದಿಲ್ಲ. ಮೊದಲಿನ ಹಾಳ್ಯಾಗ ಕಲ್ಲಿಂದ ಕಲ್ಲಿಗೆ ನೋಡಿದ್ದೆ. ಅಷ್ಟು ದೂರದಿಂದ ನೋಡಿದ್ರ ನಡುವಿನ ಊರಾಗ ನಿಂತಿದ್ದು ಕಾಣೂದ ಇಲ್ಲ, ಓಟದಾಗ ಕಲಸಿ ಹೋಗ್ತೈತಿ. ಕಂಬದಿಂದ ಕಂಬಕ್ಕ ನೋಡಿದೆ, ನಿಂತಿದ್ದು ಕಾಣಸ್ತು. ಇನ್ನೂ ಹತ್ರ ಹೋದ್ರ, ಇನ್ನೂ ಸಣ್ಣದು ಮಾಡಿದ್ರ, ಆ ಒಂದು ಗಳಿಗಿದು ಖರೆ ಸ್ಪೀಡು...’

ಅಲ್ಲಿಗೆ ಮಾತು ನಿಂತಿತು. ಮಹಾಂತಪ್ಪ ಬಾಯಿ ತೆರೆದಂತೆಯೇ ಜ್ಯೂಲಿಯ ಕಡೆ ತಿರುಗಿದ.

‘ಜ್ಯೂಲಿ! ಲಿಮಿಟ್ ಅಂತಾರಲ್ಲ, ಅದು ಇದ ಏನು?’

‘ಎರಡು ತಿಂಗಳಿಂದ ಅದನ್ನ ಬಡಕೊಳ್ಳಾಕತ್ತೇನಿ ಮಾಮಾ!’ ಎಂದಳು ಜ್ಯೂಲಿ. ಆಣೆಯಿಂದ ಬಿಡುಗಡೆಯಾದ ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರೇ ಬಂದಿತ್ತು.

‘ಇಷ್ಟ ಏನು? ಇಷ್ಟ?’ ಎಂದು ಮಹಾಂತಪ್ಪ ಸುತ್ತಲಿನ ಎಲ್ಲರನ್ನೂ ಕೇಳಿದ. ಎಲ್ಲರೂ ಇಷ್ಟೇ ಎಂದು ತಲೆಯಾಡಿಸಿದರು.

ಜನರಿಗೆ ಸಮಾಧಾನವಾಯಿತು. ಆದರೆ ಮನುಷ್ಯರಿಗೆ ಸಮಾಧಾನ ಬಹಳ ಹೊತ್ತು ಹಿಡಿಸುವುದಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುಂದೆ ಬಂದ.

‘ಅಲ್ರಿ, ಸೊನ್ನಿ ಅಂದ್ರ ಬಸ್ ನಿಂದ್ರೂದು ಅಂದ್ರಿ. ನಮ್ಮ ಕೇರಿ ಮುಂದ ಗೀಟು ಹತ್ತಕ್ಕ ಇಳದು ಮತ್ತ ಏರೇತಿ. ನಮಗ ಯಾಕ ಸೊನ್ನಿ ಇಲ್ಲ?’

‘ಅಲ್ಲಿ ಸ್ಟಾಪ್ ಇಲ್ಲ’ ಎಂದ ಸುಭಾಸ. ‘ನಾ ಸಾವಕಾಶ ಮಾಡ್ತೇನಿ, ನೀವು ಜಿಗೀತೀರಿ.’

‘ಕುಂಬಾರವಾಡಕ್ಕ ಸೊನ್ನಿ, ನಮಗ ಹತ್ತು? ಇದ್ಯಾವ ನ್ಯಾಯ? ನಮಗೂ ಸೊನ್ನಿ ಬೇಕು!’

‘ನಮಗೂ ಬೇಕು!’ ಎಂದು ಇನ್ನೊಂದು ಕೇರಿಯವರು ಕೂಗಿದರು. ಬಸ್ಸು ಉಳಿಸಲು ಬಂದ ಇನ್ನೂರು ಜನ ಅರ್ಧ ತಾಸು ಸೊನ್ನೆಗಾಗಿ ಜಗಳಾಡಿದರು. ರಾಜಶ್ರೀ ಮೇಡಂ ಗ್ರಾಫನ್ನು ಬಾನೆಟ್ಟಿನ ಮೇಲೆ ಹಾಸಿ, ಬೆರಳಿಟ್ಟು, ಗೀಟು ಪೂರ್ತಿ ಇಳಿಯದ ಎರಡು ಜಾಗ ಗುರುತಿಸಿಕೊಂಡರು. ‘ಎರಡು ಸೊನ್ನಿ ಬರದುಕೊಂಡೇನಿ. ಆಫೀಸಿನ್ಯಾಗ ಹೇಳ್ತೇನಿ’ ಎಂದರು. ಆಮೇಲೆ ಮಹಾಂತಪ್ಪನ ಕಡೆ ನೋಡಿ, ‘ಪರೀಕ್ಷಾ ಯಾವಾಗ?’ ಎಂದು ಕೇಳಿದರು. ‘ಹನ್ನೆರಡು ದಿನ ಐತ್ರಿ’ ಎಂದ. ‘ಹಂಗಾದ್ರ ಕಂಬ ಎಣಸೂದು ಬಿಟ್ಟು ಓದ್ರಿ’ ಎಂದರು.

ಸುಭಾಸ ಅವನನ್ನು ಬದಿಗೆ ಕರೆದ. ‘ನನ್ನ ಮ್ಯಾಲ ಏನೂ ಬರದಿಲ್ಲ?’

‘ಇಲ್ಲಪಾ.’

‘ಇಂಡಿಕೇಟರ್ ಹಾಕಿದ್ದೂ ಬರದಿಲ್ಲ?’ ಎಂದ ಸುಭಾಸ. ಆ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು. ಹಿಂದಿರುಗುವಾಗ ಬಸ್ಸು ಎಂದಿನಂತೆ ಹಾರಿತು.

ಸುದ್ದಿ ಮನೆ ಮುಟ್ಟುವ ಮೊದಲು ತಾನು ಮುಟ್ಟಬೇಕೆಂದು ಮಹಾಂತಪ್ಪ ಓಡಿಯೇ ಹೋದ. ಗೋದುಬಾಯಿ ಕುಂಬಾರವಾಡದ ಗೆಡ್ಡೆ ಹೆಚ್ಚುತ್ತಿದ್ದಳು. ಅವನು ಎಲ್ಲವನ್ನೂ ನಿಂತೇ ಹೇಳಿದ. ಅವಳು ಹೆಚ್ಚುವುದು ಮುಗಿಸಿ, ಕೈ ತೊಳೆದು, ಕೇಳಿದ್ದು ಒಂದೇ ಮಾತು.

‘ಟ್ರಂಕು?’

‘ಇಲ್ಲ.’

‘ನಿಮ್ಮಕ್ಕಗ ಮೂರು ಸಲ ಫೋನ್ ಮಾಡಿ ಹುಡಕ್ಸೇನಿ. ಪಾಪ, ಇಡೀ ಅಟ್ಟ ಇಳಿಸಿ ಬೆನ್ನು ಹಿಡಕೊಂಡು ಮಲಗ್ಯಾಳ!’

ಬಯ್ಗುಳವೆಲ್ಲ ಟ್ರಂಕಿನ ಮೇಲೆಯೇ ಹೋಯಿತು. ಪಿಯುಸಿಯ ಮಾತನ್ನು ಅವಳು ಎತ್ತಲಿಲ್ಲ. ಎರಡು ದಿನ ನಳದ ಕಟ್ಟೆಗೂ ಹೋಗಲಿಲ್ಲ. ಮೂರನೆಯ ದಿನ ಕೊಡ ಎತ್ತಿಕೊಂಡು ಹೋಗಿ, ಸುಮಿತಾ ಬಾಯಿ ತೆರೆಯುವ ಮೊದಲೇ, ‘ನಮ್ಮ ಮನಿಯವರು ಸೈನ್ಸ್ ಓದಾಕತ್ತಾರವಾ. ಈ ವಯಸ್ಸಿನ್ಯಾಗ ಯಾರರ ಓದ್ತಾರೇನು? ಎಪ್ಪತ್ತು ಬರ್ತಾವಂತ’ ಎಂದು ಹೇಳಿ ಬಂದಳು. ಅಂದಿನಿಂದ ಬೆಳಗಿನ ಐದಕ್ಕೆ ಅವನನ್ನು ಎಬ್ಬಿಸಿ, ಎದುರು ಕೂತು ಕಾಯತೊಡಗಿದಳು. ಲೆಕ್ಕ ಅವಳಿಗೆ ತಿಳಿಯದು. ಆದರೆ ಪೆನ್ನು ನಿಂತದ್ದು ತಿಳಿಯುತ್ತಿತ್ತು. ‘ಯಾಕ ನಿಂತ್ರಿ?’ ಎನ್ನುತ್ತಿದ್ದಳು.

ಪರೀಕ್ಷೆ ಆಯಿತು. ಬರೆದದ್ದು ಎಷ್ಟು, ಬಿಟ್ಟದ್ದು ಎಷ್ಟು ಎಂಬುದನ್ನು ಮಹಾಂತಪ್ಪ ದೇವರಿಗೂ ಹೇಳಲಿಲ್ಲ.

ಫಲಿತಾಂಶದ ದಿನ ಅವನು ಮಧ್ಯಾಹ್ನದ ಬಸ್ಸಿನಲ್ಲಿದ್ದ. ಮೂರಕ್ಕೆ ಬಿಡುತ್ತಾರೆ ಎಂದಿತ್ತು. ಮೂರಕ್ಕೆ ಬಸ್ಸು ಜೋಯಿಡಾ ದಾಟಿ ಕಾಡಿನೊಳಗಿತ್ತು. ಅಲ್ಲಿ ಫೋನು ಕಿವಿಗೆ ಹಿಡಿದರೆ ಜೀರುಂಡೆಯ ಸದ್ದು ಬಿಟ್ಟರೆ ಬೇರೇನೂ ಕೇಳದು. ಮೇಲಿನ ತಿರುವಿನಲ್ಲಿ ಮಾತ್ರ ನೆಟ್‌ವರ್ಕ್ ಬರುತ್ತದೆ. ಬಸ್ಸಿನಲ್ಲಿದ್ದ ಅರವತ್ತನಾಲ್ಕು ಜನರಿಗೂ ಇದು ಗೊತ್ತಿತ್ತು, ಫಲಿತಾಂಶದ ವಿಷಯವೂ ಗೊತ್ತಿತ್ತು. ಸುಭಾಸ ಕೇಳದೆಯೇ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಎಂಜಿನ್ ಬಂದ್ ಮಾಡಿದ.

ರಜೆಗೆ ಊರಿಗೆ ಹೊರಟಿದ್ದ ಜ್ಯೂಲಿ ಬಂಡೆಯ ಮೇಲೆ ಹತ್ತಿ ಫೋನು ಎತ್ತಿ ಹಿಡಿದಳು. ಎಲ್ಲರೂ ಇಳಿದು ಸುತ್ತ ನಿಂತರು. ತೆರೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ತಿರುಗಿತು, ತಿರುಗಿತು. ಅಗ್ನೆಸ್ ಕಣ್ಣು ಮುಚ್ಚಿ ಮರಿಯಮ್ಮನನ್ನು ನೆನೆದಳು. ಮಹಾಂತಪ್ಪ ತನ್ನ ಕುಲದೇವರನ್ನು ನೆನೆಯಹೋಗಿ ಹೆಸರೇ ಮರೆತು, ಆಕೆಯ ಪ್ರಾರ್ಥನೆಯಲ್ಲೇ ಒಂದು ಮೂಲೆ ಹಿಡಿದು ನಿಂತ.

‘ಬಂತು!’ ಎಂದಳು ಜ್ಯೂಲಿ. ‘ಪಾಸ್ ಮಾಮಾ! ಪಾಸ್! ಮೂವತ್ತಾರು!’

ಸುಭಾಸ ಬಸ್ಸಿಗೆ ಹಾರಿ ಹಾರ್ನಿನ ಮೇಲೆ ಎರಡೂ ಕೈ ಇಟ್ಟ. ಎರಡು ತಿಂಗಳು ಹೊಡೆಯದೆ ಉಳಿದಿದ್ದ ಹಾರ್ನೆಲ್ಲ ಹೊಡೆದ. ಆ ಗದ್ದಲದಲ್ಲೇ ಮಹಾಂತಪ್ಪನಿಗೆ ಫೋನು ಬಂತು. ಗೋದುಬಾಯಿ.

‘ಏನಾತ್ರಿ? ಪಾಸ್ ಆತಿಲ್ಲ? ಎಷ್ಟು ಬಂದಾವು? ಲಗೂನ ಹೇಳ್ರಿ, ಸುಮಿತಾ ಇಲ್ಲೇ ಅದಾಳ. ಆಕಿಗೆ ಎಪ್ಪತ್ತು ಅಂತ ಹೇಳೇನಿ!’

ಅವಳ ದನಿ ಫೋನಿಲ್ಲದೆಯೂ ದಾಂಡೇಲಿಯಿಂದ ಅಲ್ಲಿಗೆ ಕೇಳುವಂತಿತ್ತು. ಸುಭಾಸ ಹಾರ್ನಿನಿಂದ ಕೈ ತೆಗೆದ. ಅಗ್ನೆಸ್ ಮೆಲ್ಲಗೆ ಕೈ ಚಾಚಿದಳು. ‘ಕೊಡ್ರಿ ಇಲ್ಲೆ, ನಾ ಹೇಳ್ತೇನಿ. ಎಪ್ಪತ್ತ ಅಂತ ನಾವೆಲ್ಲಾ ಸಾಕ್ಷಿ ಹೇಳ್ತೇವಿ. ಪಾಪ ಅಕ್ಕ...’

ಮಹಾಂತಪ್ಪ ಫೋನು ಕೊಡಲಿಲ್ಲ.

‘ಗೋದು, ಮೂವತ್ತಾರು’ ಎಂದ. ‘ಮೂವತ್ತಾರ ಬಂದಾವು.’

ಆ ಕಡೆ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಜ್ಯೂಲಿ ಇಣುಕಿ ನೋಡಿದಳು. ಹೋಗಿರಲಿಲ್ಲ.

‘ಪಾಸ್ ಆಗಾಕ ಎಷ್ಟು ಬೇಕು?’ ಎಂದಳು ಗೋದುಬಾಯಿ, ತಗ್ಗಿದ ದನಿಯಲ್ಲಿ.

‘ಮೂವತ್ತೈದು.’

ಆಮೇಲೆ ಆಕೆ ಫೋನಿಗಲ್ಲ, ಪಕ್ಕದಲ್ಲಿ ನಿಂತವಳಿಗೆ ಹೇಳಿದ ಮಾತು ಆ ತಿರುವಿನಲ್ಲಿದ್ದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು:

‘ಕೇಳಿದೇನವಾ ಸುಮಿತಾ? ಬೇಕಾದ್ದಕ್ಕಿಂತ ಹೆಚ್ಚಿಗೇನ ತಗೊಂಡಾರ!’